ಗೆದ್ದವರ ಕಥೆಯಷ್ಟೇ ಸಾಲದು: ವಾಸಿಯಾಗದ ಕಾಯಿಲೆಯೊಂದಿಗೆ ಬಾಳುವ ಹೆಣ್ಣುಮಕ್ಕಳ ಬಗ್ಗೆ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯೂ ಸೇರಿದಂತೆ ನಾನು ಓದುವ ಪತ್ರಿಕೆಗಳ ಮಹಿಳಾ ಪುರವಣಿಗಳಲ್ಲಿ ಕಾಯಿಲೆ ಬಿದ್ದ ಹೆಣ್ಣುಮಕ್ಕಳ ಬಗ್ಗೆ ಬರುವ ಬರಹಗಳು ಹೆಚ್ಚುಕಡಿಮೆ ಒಂದೇ ದಾರಿ ಹಿಡಿಯುತ್ತವೆ. ರೋಗ ಪತ್ತೆಯಾಗುತ್ತದೆ, ಆಕೆ ಕುಸಿಯುತ್ತಾಳೆ, ಛಲ ಹಿಡಿದು ಏಳುತ್ತಾಳೆ, ಕೊನೆಗೆ ರೋಗವನ್ನು ಗೆದ್ದು ನಗುತ್ತಿರುವ ಭಾವಚಿತ್ರದೊಂದಿಗೆ ಲೇಖನ ಮುಗಿಯುತ್ತದೆ. ಅಂಥ ಗೆಲುವುಗಳ ಬಗ್ಗೆ ನನಗೆ ಮನಃಪೂರ್ವಕ ಗೌರವವಿದೆ. ಆದರೆ ಗೆಲ್ಲಲೂ ಆಗದ, ಬಿಟ್ಟು ಹೋಗಲೂ ಒಲ್ಲದ, ಉಸಿರಿರುವವರೆಗೆ ಜೊತೆಗೇ ಇರುವ ಕಾಯಿಲೆಗಳೂ ಇವೆ, ಅವುಗಳೊಂದಿಗೆ ಬಾಳುವ ಹೆಂಗಸರು ಈ ಲೇಖನಗಳನ್ನು ಓದಿದಾಗ ಅವರಿಗೆ ಧೈರ್ಯಕ್ಕಿಂತ ಹೆಚ್ಚಾಗಿ ‘ಹಾಗಾದರೆ ನನ್ನಲ್ಲೇ ಛಲ ಸಾಲದೇನೋ’ ಎಂಬ ಅಳುಕು ಹುಟ್ಟುತ್ತದೆ. ಆ ಅಳುಕಿನ ಬಗ್ಗೆ ಮತ್ತು ಅದನ್ನು ದಾಟಿ ತಮ್ಮನ್ನು ತಾವು ಒಪ್ಪಿಕೊಳ್ಳಲು ಹೆಣ್ಣುಮಕ್ಕಳು ಪಡುವ ಪಾಡಿನ ಬಗ್ಗೆ ತಮ್ಮ ಓದುಗರ ಗಮನ ಸೆಳೆಯಲು ಈ ಪತ್ರ ಬರೆಯುತ್ತಿದ್ದೇನೆ.

ನಾನು ಹಲವು ವರ್ಷಗಳಿಂದ ರುಮಟಾಯ್ಡ್ ಆರ್ಥ್ರೈಟಿಸ್‌ನೊಂದಿಗೆ ಬದುಕುತ್ತಿರುವವಳು. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆ ದೇಹದ ಕೀಲುಗಳ ಒಳಪೊರೆಯ ಮೇಲೆಯೇ ತಿರುಗಿಬೀಳುವ ಕಾಯಿಲೆ ಇದು. ಔಷಧದಿಂದ ಹತೋಟಿಗೆ ಬರುತ್ತದೆ, ಕೆಲವರಲ್ಲಿ ವರ್ಷಗಟ್ಟಲೆ ತಣ್ಣಗಿರುತ್ತದೆ, ಆದರೆ ಇನ್ನು ಬರುವುದೇ ಇಲ್ಲ ಎಂದು ಯಾವ ವೈದ್ಯರೂ ಬರೆದುಕೊಡಲಾರರು. ಗಂಡಸರಿಗೆ ಹೋಲಿಸಿದರೆ ಹೆಂಗಸರಲ್ಲಿ ಇದು ಎರಡರಿಂದ ಮೂರು ಪಟ್ಟು ಹೆಚ್ಚು. ಇದೇ ಜಾತಿಗೆ ಸೇರಿದ ಲೂಪಸ್ ಇರುವ 10 ಜನರಲ್ಲಿ ಸುಮಾರು 9 ಮಂದಿ ಹೆಂಗಸರು. ಥೈರಾಯ್ಡ್ ತೊಂದರೆ, ಮೈಗ್ರೇನ್, ಮೈಯೆಲ್ಲ ನೋಯಿಸುವ ಫೈಬ್ರೊಮಯಾಲ್ಜಿಯಾ ಇವೆಲ್ಲವೂ ಹೆಂಗಸರನ್ನೇ ಹೆಚ್ಚಾಗಿ ಹಿಡಿಯುತ್ತವೆ. ಗರ್ಭಕೋಶದ ಒಳಪೊರೆಯನ್ನು ಹೋಲುವ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆದು ನೋವು ಕೊಡುವ ಎಂಡೊಮೆಟ್ರಿಯೋಸಿಸ್ ಜಗತ್ತಿನಲ್ಲಿ ಸುಮಾರು 19 ಕೋಟಿ ಮಂದಿಗೆ, ಅಂದರೆ ಹೆರುವ ವಯಸ್ಸಿನ ಹೆಂಗಸರು ಮತ್ತು ಹುಡುಗಿಯರಲ್ಲಿ ಶೇ 10ರಷ್ಟು ಮಂದಿಗೆ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಹೀಗಿರುವಾಗ ಇದನ್ನು ಯಾರೋ ನಾಲ್ಕು ಜನರ ಹಣೆಬರಹವೆಂದು ತಳ್ಳಿಹಾಕುವಂತಿಲ್ಲ. ತಮ್ಮ ಪತ್ರಿಕೆಯನ್ನು ಓದುವ ಪ್ರತಿಯೊಂದು ಮನೆಯ ನಂಟಿನಲ್ಲೂ ಇಂಥ ಒಬ್ಬಳಾದರೂ ಇರುತ್ತಾಳೆ.

‘ಕಾಯಿಲೆಯನ್ನು ಒಪ್ಪಿಕೊಂಡುಬಿಡು, ಮನಸ್ಸು ಹಗುರಾಗುತ್ತದೆ’ ಎಂಬ ಬುದ್ಧಿಮಾತು ಆಕೆಗೆ ಎಲ್ಲ ಕಡೆಯಿಂದಲೂ ಸಿಗುತ್ತದೆ. ಹೇಳುವವರ ಉದ್ದೇಶ ಒಳ್ಳೆಯದೇ. ಆದರೆ ಆ ಮಾತಿಗೂ ಮೊದಲು ನಡೆಯಬೇಕಾದ ಒಂದು ಕೆಲಸ ನಡೆದೇ ಇರುವುದಿಲ್ಲ: ಅವಳಿಗೆ ಕಾಯಿಲೆ ಇದೆಯೆಂಬುದನ್ನು ಉಳಿದವರು ನಂಬುವ ಕೆಲಸ. ನೋವಿಗೆ ಬಣ್ಣವಿಲ್ಲ, ದಣಿವು ಎಕ್ಸ್‌ರೇಯಲ್ಲಿ ಬೀಳುವುದಿಲ್ಲ. ಫೈಬ್ರೊಮಯಾಲ್ಜಿಯಾದಂಥ ಕಾಯಿಲೆಯಲ್ಲಿ ರಕ್ತಪರೀಕ್ಷೆಗಳೆಲ್ಲ ಸರಿಯಾಗಿಯೇ ಬರುತ್ತವೆ, ಅದನ್ನು ಗುರುತಿಸಲು ಅಮೆರಿಕದ ಸಂಧಿರೋಗ ತಜ್ಞರ ಸಂಸ್ಥೆ ಮಾನದಂಡಗಳನ್ನು ರೂಪಿಸಿದ್ದೇ 1990ರಲ್ಲಿ. ಎಂಡೊಮೆಟ್ರಿಯೋಸಿಸ್‌ನ ನೋವು ‘ಮುಟ್ಟಿನಲ್ಲಿ ಎಲ್ಲರಿಗೂ ಇರುವಂಥದ್ದು’ ಎನಿಸಿಕೊಂಡು, ಹೆಸರು ಸಿಗುವಷ್ಟರಲ್ಲಿ ಎಷ್ಟೋ ವರ್ಷಗಳು ಕಳೆದುಹೋಗಿರುತ್ತವೆ. ನನ್ನ ಬೆರಳುಗಳು ಮೊದಲ ಸಲ ಊದಿಕೊಂಡಾಗ ಒಬ್ಬ ವೈದ್ಯರು ಕೈಯನ್ನು ಸರಿಯಾಗಿ ಮುಟ್ಟಿಯೂ ನೋಡದೆ, ಮನಸ್ಸಿಗೆ ಏನಾದರೂ ಚಿಂತೆ ಇದೆಯೇ ಎಂದು ಕೇಳಿದ್ದರು. ಇದು ಒಬ್ಬಿಬ್ಬರ ಅಸಡ್ಡೆಯಿಂದ ಹುಟ್ಟಿದ್ದೂ ಅಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ 1977ರಲ್ಲಿ ಹೊರಡಿಸಿದ ಮಾರ್ಗಸೂಚಿಯು ಗರ್ಭ ಧರಿಸಬಲ್ಲ ವಯಸ್ಸಿನ ಹೆಂಗಸರನ್ನು ಔಷಧ ಪ್ರಯೋಗಗಳ ಆರಂಭದ ಹಂತಗಳಿಂದ ಹೊರಗಿಟ್ಟಿತ್ತು, ಅದು ಬದಲಾಗಲು 1993ರವರೆಗೆ ಕಾಯಬೇಕಾಯಿತು. ಹೆಣ್ಣುದೇಹದ ಬಗೆಗಿನ ತಿಳಿವಳಿಕೆಯಲ್ಲಿ ಅಂದು ಉಳಿದ ಖಾಲಿ ಜಾಗಗಳು ಇಂದಿಗೂ ಪೂರ್ತಿಯಾಗಿ ತುಂಬಿಲ್ಲ.

ವರ್ಷಗಟ್ಟಲೆ ಬೇರೆಯವರು ನಂಬದೇ ಹೋದರೆ ಹೆಂಗಸು ತನ್ನನ್ನು ತಾನೇ ನಂಬುವುದನ್ನು ಬಿಡುತ್ತಾಳೆ, ಇದನ್ನು ಇಲ್ಲಿ ಒತ್ತಿ ಹೇಳಬೇಕೆನಿಸುತ್ತದೆ. ನಿಜವಾಗಿಯೂ ನೋಯುತ್ತಿದೆಯೋ, ಅಥವಾ ನಾನು ಸೋಮಾರಿಯೋ? ಇಷ್ಟು ದಣಿವು ಎಲ್ಲರಿಗೂ ಆಗುತ್ತದೋ, ನಾನೊಬ್ಬಳೇ ತಡೆದುಕೊಳ್ಳಲಾರದೆ ಹೋದೆನೋ? ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲೇ ಈ ವಿಚಾರಣೆ ಶುರುವಾಗುತ್ತದೆ, ಅದರಲ್ಲಿ ಆರೋಪಿಯೂ ಅವಳೇ, ವಕೀಲಳೂ ಅವಳೇ, ತೀರ್ಪು ಕೊಡುವವಳೂ ಅವಳೇ. ನೋವಿನ ಅಧ್ಯಯನಕ್ಕಾಗಿಯೇ ಇರುವ ಅಂತರರಾಷ್ಟ್ರೀಯ ಸಂಘವು 2020ರಲ್ಲಿ ನೋವಿನ ವ್ಯಾಖ್ಯೆಯನ್ನು ಪರಿಷ್ಕರಿಸಿದಾಗ, ಒಬ್ಬ ವ್ಯಕ್ತಿ ತನಗೆ ನೋವಾಗುತ್ತಿದೆ ಎಂದು ಹೇಳಿದರೆ ಆ ಮಾತನ್ನು ಗೌರವಿಸಬೇಕು ಎಂಬ ಟಿಪ್ಪಣಿಯನ್ನೂ ಅದರೊಂದಿಗೆ ಸೇರಿಸಿತು. ವೈದ್ಯರಿಗಾಗಿ ಬರೆದ ಆ ಸಾಲು ಮನೆಯವರಿಗೂ ಅಷ್ಟೇ ಸಲ್ಲುತ್ತದೆ, ಕಾಯಿಲೆಯ ಹೆಂಗಸಿಗಂತೂ ತನ್ನ ವಿಷಯದಲ್ಲಿ ಎಲ್ಲರಿಗಿಂತ ಹೆಚ್ಚಾಗಿ ಸಲ್ಲುತ್ತದೆ. ತನ್ನ ನೋವಿನ ಮಾತನ್ನು ತಾನು ಗೌರವಿಸುವುದು ಸ್ವೀಕಾರದ ಮೊದಲ ಹೆಜ್ಜೆ ಎಂದು ನಾನು ತಿಳಿದಿದ್ದೇನೆ.

ಇಲ್ಲೇ ಇನ್ನೊಂದು ಗೊಂದಲವನ್ನೂ ಬಿಡಿಸಬೇಕಾಗಿದೆ. ಹೆಣ್ಣುಮಕ್ಕಳಿಗೆ ತಡೆದುಕೊಳ್ಳುವುದನ್ನು ಚಿಕ್ಕಂದಿನಿಂದಲೇ ಕಲಿಸಿರುತ್ತಾರೆ. ಜ್ವರವಿದ್ದರೂ ಮನೆಗೆಲಸ ಮುಗಿಸಿಯೇ ಮಲಗುವವಳು, ನೋವಿದ್ದರೂ ಮುಖದಲ್ಲಿ ತೋರಗೊಡದವಳು, ತನಗಾಗಿ ಏನನ್ನೂ ಕೇಳದವಳು ಒಳ್ಳೆಯವಳೆನಿಸಿಕೊಳ್ಳುತ್ತಾಳೆ. ಅಂಥವಳಿಗೆ ‘ಒಪ್ಪಿಕೋ’ ಎಂದರೆ ಅದು ಅವಳ ಕಿವಿಗೆ ‘ಇನ್ನಷ್ಟು ತಡೆದುಕೋ, ಇನ್ನಷ್ಟು ಸುಮ್ಮನಿರು’ ಎಂದೇ ಕೇಳಿಸುತ್ತದೆ. ನಾನು ಹೇಳುತ್ತಿರುವ ಸ್ವೀಕಾರ ಅದಕ್ಕೆ ನೇರ ಎದುರಿನದು. ಬಾಯಿಮುಚ್ಚಿ ತಡೆದುಕೊಳ್ಳುವ ಹೆಂಗಸು ಕಾಯಿಲೆ ಇಲ್ಲವೆಂಬಂತೆ ನಟಿಸುತ್ತಾಳೆ ಮತ್ತು ಆ ನಟನೆಗೇ ತನ್ನಲ್ಲಿರುವ ಅಷ್ಟಿಷ್ಟು ಶಕ್ತಿಯನ್ನು ಸುರಿಯುತ್ತಾಳೆ. ಒಪ್ಪಿಕೊಂಡ ಹೆಂಗಸು, ಕಾಯಿಲೆ ಇದೆ, ಇವತ್ತು ನನ್ನಿಂದ ಇಷ್ಟಾಗುತ್ತದೆ, ಇಷ್ಟಾಗುವುದಿಲ್ಲ, ಇದಕ್ಕೆ ನನಗೆ ನಿಮ್ಮ ಸಹಾಯ ಬೇಕು ಎಂದು ಬಾಯಿಬಿಟ್ಟು ಹೇಳುತ್ತಾಳೆ. ಮೊದಲನೆಯವಳನ್ನು ಎಲ್ಲರೂ ಹೊಗಳುತ್ತಾರೆ. ಎರಡನೆಯವಳಿಗೆ ಆರಂಭದಲ್ಲಿ ಸಿಗುವುದು ಸಿಡುಕು. ಆದ್ದರಿಂದಲೇ ಒಪ್ಪಿಕೊಳ್ಳುವುದಕ್ಕೆ ಇಷ್ಟು ಧೈರ್ಯ ಬೇಕಾಗುತ್ತದೆ.

ಈ ಮಾತಿಗೆ ಅಧ್ಯಯನದ ಆಧಾರವೂ ಇದೆ. ದೀರ್ಘಕಾಲದ ನೋವಿರುವವರ ಸ್ವೀಕಾರವನ್ನು ಅಳೆಯಲು ಮನಶ್ಶಾಸ್ತ್ರಜ್ಞ ಲ್ಯಾನ್ಸ್ ಮೆಕ್‌ಕ್ರ್ಯಾಕನ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಪ್ರಶ್ನಾವಳಿಯಲ್ಲಿ ಎರಡು ಭಾಗಗಳಿವೆ. ನೋವಿದ್ದಾಗಲೂ ತನಗೆ ಮುಖ್ಯವೆನಿಸಿದ ಕೆಲಸಗಳಲ್ಲಿ ತೊಡಗಿರುವುದು ಒಂದು, ನೋವನ್ನು ಹೇಗಾದರೂ ಇಲ್ಲವಾಗಿಸಲೇಬೇಕೆಂಬ ನಿರಂತರ ಹೋರಾಟವನ್ನು ಸಡಿಲಿಸುವುದು ಇನ್ನೊಂದು. ಇವೆರಡೂ ಹೆಚ್ಚಿರುವವರಲ್ಲಿ ಖಿನ್ನತೆ ಮತ್ತು ನೋವಿನ ಬಗೆಗಿನ ಭಯ ಕಡಿಮೆ ಇರುವುದನ್ನೂ, ದಿನನಿತ್ಯದ ಓಡಾಟ ಹೆಚ್ಚಿರುವುದನ್ನೂ ಈ ಕ್ಷೇತ್ರದ ಹಲವು ಅಧ್ಯಯನಗಳು ಕಂಡಿವೆ. ಇಲ್ಲಿ ನೋವು ಮಾಯವಾಗಬೇಕೆಂಬ ಷರತ್ತಿಲ್ಲ. ನೋವು ಇರುವಷ್ಟೇ ಇದ್ದರೂ ಅದು ಬದುಕಿನಲ್ಲಿ ಆಕ್ರಮಿಸುವ ಜಾಗ ಕಿರಿದಾಗುತ್ತದೆ.

ನನ್ನ ಮಟ್ಟಿಗೆ ಅದು ಹೇಗೆ ನಡೆಯಿತೆಂದು ಹೇಳುವುದಾದರೆ, ದೊಡ್ಡ ಅರಿವೇನೂ ಒಮ್ಮೆಲೇ ಮೂಡಲಿಲ್ಲ. ಈ ಕಾಯಿಲೆಯಲ್ಲಿ ಬೆಳಗಿನ ಹೊತ್ತು ಕೀಲುಗಳು ಬಿಗಿದಿರುತ್ತವೆ, ಗಂಟೆಗಿಂತ ಹೆಚ್ಚು ಕಾಲ ಆ ಬಿಗಿತ ಬಿಡುವುದಿಲ್ಲ. ಮುಷ್ಟಿ ಕಟ್ಟಲು ಹೋದರೆ ಬೆರಳ ತುದಿ ಅಂಗೈಯನ್ನು ತಲುಪುವ ಮುಂಚೆಯೇ ನಿಲ್ಲುತ್ತದೆ, ಗುಂಡಿ ಹಾಕುವುದು, ನಲ್ಲಿ ತಿರುಗಿಸುವುದು, ಬಾಟಲಿಯ ಮುಚ್ಚಳ ತೆಗೆಯುವುದು ಒಂದೊಂದೂ ಒಂದೊಂದು ಸಾಹಸವಾಗುತ್ತದೆ. ಬರೆಯುವುದು ನನಗೆ ಪ್ರಿಯವಾದ ಕೆಲಸ, ಆದರೆ ತೆಳ್ಳನೆಯ ಪೆನ್ನನ್ನು ಹಿಡಿದರೆ ಹೆಬ್ಬೆರಳ ಬುಡ ಉರಿಯುತ್ತಿತ್ತು, ಅಕ್ಷರಗಳು ಸಾಲು ಬಿಟ್ಟು ಜಾರುತ್ತಿದ್ದವು. ಪೆನ್ನಿಗೆ ಹಳೆಯ ಬಟ್ಟೆಯ ಪಟ್ಟಿಯನ್ನು ದಪ್ಪಗೆ ಸುತ್ತಿ ದಾರ ಬಿಗಿದಾಗ ಹಿಡಿತ ಸಲೀಸಾಯಿತು. ಅಕ್ಷರ ಹಿಂದಿನಷ್ಟು ದುಂಡಗಿಲ್ಲ, ಸಹಿಯೂ ಬದಲಾಗಿದೆ. ಆ ಸುತ್ತಿದ ಪೆನ್ನನ್ನು ನಾಲ್ಕು ಜನರ ಎದುರು ಚೀಲದಿಂದ ತೆಗೆದು ಬರೆಯುವುದಕ್ಕೆ ನನಗೆ ಬಟ್ಟೆ ಸುತ್ತುವುದಕ್ಕಿಂತ ಎಷ್ಟೋ ಹೆಚ್ಚು ಕಾಲ ಬೇಕಾಯಿತು. ಸ್ವೀಕಾರ ನಡೆದದ್ದು ಆ ತೆಗೆಯುವುದರಲ್ಲಿ. ಕೋಲು ಹಿಡಿಯುವುದು, ಸಭೆಯಲ್ಲಿ ಕುರ್ಚಿ ಕೇಳುವುದು, ಮೆಟ್ಟಿಲ ಬಳಿ ನಿಂತು ‘ನನಗೆ ಲಿಫ್ಟ್ ಬೇಕು’ ಎನ್ನುವುದು ಇವೆಲ್ಲವೂ ಅಂಥವೇ. ನೋಡುವವರಿಗೆ ಇದು ಚಿಕ್ಕ ವಿಷಯ.

ದೇಹದ ರೂಪ ಬದಲಾಗುವುದರ ಬಗ್ಗೆ ಹೆಂಗಸರು ಹೆಚ್ಚಾಗಿ ಮಾತಾಡುವುದಿಲ್ಲ, ಪ್ರಾಣಕ್ಕಿಂತ ಅಂದ ಹೆಚ್ಚಾಯಿತೇ ಎಂದು ಯಾರಾದರೂ ಕೇಳಿಬಿಟ್ಟಾರೆಂಬ ಹಿಂಜರಿಕೆ. ಇಂಥ ಕಾಯಿಲೆಗಳಲ್ಲಿ ಊತ ತಗ್ಗಿಸಲು ಕೊಡುವ ಸ್ಟೀರಾಯ್ಡ್ ಮಾತ್ರೆಗಳನ್ನು ದೀರ್ಘಕಾಲ ತೆಗೆದುಕೊಂಡರೆ ಮುಖ ದುಂಡಗೆ ಊದಿಕೊಳ್ಳುತ್ತದೆ, ತೂಕ ಏರುತ್ತದೆ. ಲೂಪಸ್‌ನಲ್ಲಿ ಕೆನ್ನೆ ಮೂಗುಗಳ ಮೇಲೆ ಕೆಂಪು ದದ್ದು ಹರಡಬಹುದು, ಕೂದಲು ಉದುರಬಹುದು. ಹಾರ್ಮೋನುಗಳ ಏರುಪೇರಿನ ತೊಂದರೆಯಾದ ಪಿಸಿಒಎಸ್ ಇರುವ ಹುಡುಗಿಯರ ಮುಖದಲ್ಲಿ ಕೂದಲು ಬೆಳೆಯಬಹುದು. ರೂಪದಿಂದಲೇ ಹೆಣ್ಣನ್ನು ಅಳೆಯುವ ಲೋಕದಲ್ಲಿ ಕನ್ನಡಿಯ ಮುಂದೆ ನಿಲ್ಲುವುದೇ ಬೇಡವೆನಿಸುವುದು ತೀರಾ ಸಹಜ. ಇದನ್ನು ಕ್ಷುಲ್ಲಕವೆಂದು ಕರೆಯುವವರ ಮಾತನ್ನು ನಾನು ಒಪ್ಪುವುದಿಲ್ಲ. ಮುಖ ಬದಲಾಗಿದ್ದಕ್ಕೆ ಹೆದರಿ ಹುಡುಗಿಯೊಬ್ಬಳು ಗುಟ್ಟಾಗಿ ಸ್ಟೀರಾಯ್ಡ್ ಮಾತ್ರೆ ನಿಲ್ಲಿಸಿಬಿಟ್ಟರೆ, ಹಾಗೆ ಏಕಾಏಕಿ ನಿಲ್ಲಿಸುವುದರಿಂದ ಪ್ರಾಣಕ್ಕೇ ಅಪಾಯ ಬರಬಹುದು. ಆದ್ದರಿಂದ ರೂಪದ ದುಃಖವನ್ನು ಕೇಳಿಸಿಕೊಳ್ಳುವುದೂ ಚಿಕಿತ್ಸೆಯ ಭಾಗವೇ.

ದುಃಖವೆಂದೆ. ಕಾಯಿಲೆಯ ಹೆಂಗಸು ತಾನು ಆಗಬೇಕೆಂದುಕೊಂಡಿದ್ದ ಇನ್ನೊಬ್ಬಳಿಗಾಗಿ ದುಃಖಿಸುತ್ತಾಳೆ ಮತ್ತು ಆ ದುಃಖಕ್ಕೆ ಜಾಗವೇ ಇರುವುದಿಲ್ಲ, ಯಾಕೆಂದರೆ ಯಾರೂ ಸತ್ತಿಲ್ಲ. ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಮೈಕೆಲ್ ಬರಿ 1982ರಲ್ಲಿ ರುಮಟಾಯ್ಡ್ ಆರ್ಥ್ರೈಟಿಸ್ ಹೊಸದಾಗಿ ಪತ್ತೆಯಾದವರನ್ನು ಮಾತಾಡಿಸಿ, ಇಂಥ ಕಾಯಿಲೆ ವ್ಯಕ್ತಿಯೊಬ್ಬರ ಬದುಕಿನ ಕಥನವನ್ನೇ ಮಧ್ಯದಲ್ಲಿ ತುಂಡರಿಸುತ್ತದೆ ಎಂದು ವಿವರಿಸಿದರು. ಮುಂದಿನ ವರ್ಷ ಹೀಗೆ, ಮಕ್ಕಳಾದ ಮೇಲೆ ಹೀಗೆ, ನೌಕರಿಯಲ್ಲಿ ಹೀಗೆ ಎಂದು ಮನಸ್ಸಿನಲ್ಲೇ ಬರೆದುಕೊಂಡಿದ್ದೆಲ್ಲ ಒಮ್ಮೆಲೇ ಅನಿಶ್ಚಿತವಾಗುತ್ತದೆ. ತಾಯಿಯಾಗಬೇಕೆಂದಿರುವ ಹೆಂಗಸಿಗೆ ಇದು ಇನ್ನೂ ಹರಿತವಾಗಿ ತಾಗುತ್ತದೆ. ಈ ಕಾಯಿಲೆಗೆ ವಾರಕ್ಕೊಮ್ಮೆ ನುಂಗುವ ಮೆಥೊಟ್ರೆಕ್ಸೇಟ್ ಮಾತ್ರೆ ಭ್ರೂಣಕ್ಕೆ ಹಾನಿಕರವಾದ್ದರಿಂದ, ಗರ್ಭ ಧರಿಸುವುದಕ್ಕೆ ಮೊದಲೇ ವೈದ್ಯರ ಸಲಹೆಯಂತೆ ಅದನ್ನು ನಿಲ್ಲಿಸಿ, ಬೇರೆ ಔಷಧಕ್ಕೆ ಹೊಂದಿಕೊಂಡು, ಕಾಯಿಲೆ ತಣ್ಣಗಾಗುವವರೆಗೆ ಕಾಯಬೇಕಾಗುತ್ತದೆ. ಉಳಿದವರಿಗೆ ತಾನಾಗಿ ಒದಗುವ ಸಂಗತಿಯೊಂದು ಇವಳಿಗೆ ತಿಂಗಳುಗಟ್ಟಲೆಯ ಲೆಕ್ಕಾಚಾರವಾಗುತ್ತದೆ. ‘ಧೈರ್ಯವಾಗಿರು’ ಎನ್ನುವ ಮೊದಲು ಅವಳನ್ನು ಸ್ವಲ್ಪ ಅಳಲು ಬಿಡಬೇಕು ಎಂಬುದು ನನ್ನ ಮನವಿ. ಅತ್ತವಳು ಸೋತವಳಲ್ಲ.

ಇನ್ನು ಅಪರಾಧ ಪ್ರಜ್ಞೆ. ಕಾಯಿಲೆಯ ಗಂಡಸನ್ನು ಮನೆಯವರು ನೋಡಿಕೊಳ್ಳುತ್ತಾರೆ, ಕಾಯಿಲೆಯ ಹೆಂಗಸು ಮನೆಯವರನ್ನು ನೋಡಿಕೊಳ್ಳುತ್ತಲೇ ತನ್ನನ್ನೂ ನೋಡಿಕೊಳ್ಳಬೇಕು. ಎಲ್ಲ ಮನೆಗಳೂ ಹೀಗಿಲ್ಲ ನಿಜ, ಆದರೆ ನಾನು ಬಲ್ಲ ಹೆಚ್ಚಿನವರ ಅನುಭವ ಇದೇ. ಪಾತ್ರೆ ತೊಳೆಯದೆ ಬಿಟ್ಟರೆ, ಮಗುವನ್ನು ಎತ್ತಿಕೊಳ್ಳಲಾಗದಿದ್ದರೆ, ಸಂಗಾತಿಯ ಬಳಿ ಮಲಗಲು ಮೈ ಒಪ್ಪದಿದ್ದರೆ ಅವಳು ಮನಸ್ಸಿನಲ್ಲೇ ಕ್ಷಮೆ ಕೇಳುತ್ತಿರುತ್ತಾಳೆ. ಒಮ್ಮೆ ಆಸ್ಪತ್ರೆಯಲ್ಲಿ ಸರದಿಗಾಗಿ ಕಾಯುತ್ತಿದ್ದಾಗ, ಹೊಸದಾಗಿ ಕಾಯಿಲೆ ಪತ್ತೆಯಾದ ಹುಡುಗಿಯೊಬ್ಬಳು ಮನೆಗೆಲಸವನ್ನೆಲ್ಲ ಕೂತುಕೊಂಡೇ ಮಾಡಬೇಕಾಗಿದೆ ಎಂದು ನಾಚುತ್ತ ಹೇಳಿಕೊಂಡಳು. ಪಕ್ಕದಲ್ಲಿದ್ದ, ಬೆರಳುಗಳೆಲ್ಲ ಒಂದೇ ಕಡೆಗೆ ಬಾಗಿಹೋಗಿದ್ದ ವಯಸ್ಸಾದ ತಾಯಿಯೊಬ್ಬರು ಅವಳ ಕೈ ಹಿಡಿದುಕೊಂಡು, ‘ಕೂತ್ಕೊಂಡು ಮಾಡಿದ್ರೂ ಕೆಲ್ಸಾನೇ ಮಗಳೇ, ಅದಕ್ಯಾಕೆ ನಾಚ್ಕೋತೀಯ’ ಎಂದರು. ಆ ಹುಡುಗಿಯ ಹೆಗಲು ಇಳಿದದ್ದನ್ನು ನಾನು ಕಂಡೆ. ಅಷ್ಟು ಹೊತ್ತು ಅವಳು ಹೆಗಲು ಬಿಗಿಹಿಡಿದು ಕೂತಿದ್ದಳೆಂಬುದು ಆಗಲೇ ನನಗೆ ಗೊತ್ತಾದದ್ದು. ಅದೇ ಕಾಯಿಲೆಯ ಇನ್ನೊಬ್ಬ ಹೆಂಗಸು ಹೇಳಿದ ಒಂದು ಮಾತು ಮಾಡುವ ಕೆಲಸವನ್ನು ಆರೋಗ್ಯವಂತರ ನೂರು ಉಪದೇಶಗಳು ಮಾಡಲಾರವು. ಆಸ್ಪತ್ರೆಗಳು ಇಂಥವರು ಒಟ್ಟಿಗೆ ಕೂತು ಮಾತಾಡಲು ಒಂದು ಕೋಣೆ, ಒಂದು ಹೊತ್ತು ಮೀಸಲಿಟ್ಟರೆ ಅದಕ್ಕೆ ಬೇಕಾಗುವ ಖರ್ಚು ಅತ್ಯಲ್ಪ.

ಸ್ವೀಕಾರದ ಹೆಸರಿನಲ್ಲಿ ಚಿಕಿತ್ಸೆ ಬಿಡುವವರೂ ಇದ್ದಾರೆ, ಅವರನ್ನು ಎಚ್ಚರಿಸದೆ ಈ ಪತ್ರ ಪೂರ್ಣವಾಗದು. ರುಮಟಾಯ್ಡ್ ಆರ್ಥ್ರೈಟಿಸ್‌ಗೆ ಆರಂಭದಲ್ಲೇ ಸರಿಯಾದ ಔಷಧ ಸಿಕ್ಕರೆ ಕೀಲುಗಳು ಸವೆಯುವುದನ್ನು ಬಹುಮಟ್ಟಿಗೆ ತಡೆಯಬಹುದು, ತಡಮಾಡಿದರೆ ಆದ ಹಾನಿ ಮರಳಿ ಸರಿಯಾಗದು. ಬೇರುಸಹಿತ ಕಿತ್ತುಹಾಕುತ್ತೇವೆಂದು ಜಾಹೀರಾತು ಕೊಡುವವರ ಹಿಂದೆ ಹೆಂಗಸರು ಅಲೆಯುವುದು, ವಾಸಿಯಾಗದ ಕಾಯಿಲೆ ತನಗಿದೆ ಎಂಬುದನ್ನು ಮನಸ್ಸು ಒಪ್ಪದಿರುವ ಕಾಲದಲ್ಲೇ ಹೆಚ್ಚು. ಕಾಯಿಲೆಯನ್ನು ಇದ್ದಂತೆ ಒಪ್ಪಿಕೊಂಡವಳು ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ನುಂಗುತ್ತಾಳೆ, ಪರೀಕ್ಷೆ ತಪ್ಪಿಸುವುದಿಲ್ಲ, ದಣಿವಾಗುವ ಮೊದಲೇ ವಿಶ್ರಾಂತಿ ತೆಗೆದುಕೊಳ್ಳುವುದನ್ನು ಕಲಿಯುತ್ತಾಳೆ. ದುಃಖ ವಾರಗಟ್ಟಲೆ ಇಳಿಯದೆ, ನಿದ್ದೆ ಹಸಿವುಗಳನ್ನೂ ಬದುಕುವ ಆಸೆಯನ್ನೂ ಕಸಿಯತೊಡಗಿದರೆ ಅದನ್ನು ಸ್ವಭಾವವೆಂದು ಬಿಡದೆ ಮನೋವೈದ್ಯರಿಗೆ ತೋರಿಸಬೇಕು. ರುಮಟಾಯ್ಡ್ ಆರ್ಥ್ರೈಟಿಸ್ ಇರುವವರಲ್ಲಿ ಖಿನ್ನತೆ ಸಾಮಾನ್ಯ ಜನರಲ್ಲಿರುವುದಕ್ಕಿಂತ ಹೆಚ್ಚು, ಅದಕ್ಕೂ ಚಿಕಿತ್ಸೆ ಇದೆ.

ಒಪ್ಪಿಕೊಳ್ಳುವುದು ಒಂದು ಸಲ ಮಾಡಿ ಮುಗಿಸುವ ಕೆಲಸವೂ ಅಲ್ಲ. ಕಾಯಿಲೆ ತಣ್ಣಗಿದ್ದ ದಿನಗಳಲ್ಲಿ ಎಲ್ಲವೂ ಸರಿಹೋಯಿತೆನಿಸುತ್ತದೆ, ಮತ್ತೆ ಕೆರಳಿದಾಗ ಕೋಪ, ಅಸೂಯೆ, ಅಳು ಎಲ್ಲವೂ ಹಿಂತಿರುಗುತ್ತವೆ. ನೆರೆಮನೆಯ ಓರಗೆಯವಳು ಮೆಟ್ಟಿಲನ್ನು ಓಡುತ್ತ ಹತ್ತುವುದನ್ನು ಕಂಡರೆ ಇಂದಿಗೂ ನನ್ನೊಳಗೆ ಏನೋ ಚುಚ್ಚುತ್ತದೆ. ಅದು ಚುಚ್ಚಿತೆಂದು ನಾನು ಕಲಿತದ್ದೆಲ್ಲ ಸುಳ್ಳಾಗುವುದಿಲ್ಲ.

ಇಷ್ಟನ್ನೂ ತಮ್ಮ ಮುಂದಿಡುವುದಕ್ಕೆ ಕಾರಣವಿದೆ. ಕಾಯಿಲೆಯ ಹೆಂಗಸು ತನ್ನನ್ನು ಯಾವ ಕಣ್ಣಿನಿಂದ ನೋಡಿಕೊಳ್ಳುತ್ತಾಳೆ ಎಂಬುದನ್ನು ಅವಳು ಓದುವ ಪತ್ರಿಕೆಯೂ ರೂಪಿಸುತ್ತದೆ. ಆದ್ದರಿಂದ ತಮ್ಮಲ್ಲಿ ಕೆಲವು ಕೋರಿಕೆಗಳಿವೆ. ರೋಗ ಗೆದ್ದವರ ಕಥೆಗಳ ಜೊತೆಗೆ, ಗೆಲ್ಲದೆಯೂ ಬದುಕು ನಡೆಸುತ್ತಿರುವವರಿಗೂ ಪುರವಣಿಯಲ್ಲಿ ಜಾಗ ಕೊಡಿ. ಅವರನ್ನು ಸಂದರ್ಶಿಸುವವರು ಸ್ಫೂರ್ತಿಯ ಮಾತನ್ನಷ್ಟೇ ಹುಡುಕದೆ ಅವರ ಒಂದು ದಿನ ಹೇಗೆ ಕಳೆಯುತ್ತದೆ, ಮನೆಯಲ್ಲಿ ಕೆಲಸ ಹೇಗೆ ಹಂಚಿಕೆಯಾಗಿದೆ, ಕಚೇರಿಯವರು ಏನು ಅನುಕೂಲ ಮಾಡಿಕೊಟ್ಟಿದ್ದಾರೆ, ಏನು ಮಾಡಿಕೊಟ್ಟಿಲ್ಲ ಎಂದು ಕೇಳಲಿ. ಆಕೆ ‘ನಾನಿನ್ನೂ ಒಪ್ಪಿಕೊಂಡಿಲ್ಲ’ ಎಂದರೆ ಅದನ್ನೂ ಹಾಗೆಯೇ ಅಚ್ಚು ಹಾಕಿ. ವೈದ್ಯರ ಅಂಕಣದಲ್ಲಿ ಲೂಪಸ್, ಎಂಡೊಮೆಟ್ರಿಯೋಸಿಸ್, ಫೈಬ್ರೊಮಯಾಲ್ಜಿಯಾಗಳ ಮೊದಲ ಲಕ್ಷಣಗಳನ್ನು ಆಗಾಗ ತಿಳಿಸಿಕೊಡಿ, ಅದನ್ನು ಓದಿದ ಯಾವಳಾದರೊಬ್ಬಳು ತನ್ನ ನೋವು ಕಲ್ಪನೆಯಲ್ಲವೆಂದು ತಿಳಿದು ವೈದ್ಯರ ಬಳಿ ಹೋದಾಳು. ಮತ್ತು ಇಂಥ ಲೇಖನಗಳನ್ನು ಮಹಿಳಾ ಪುರವಣಿಯೊಳಗೇ ಇರಿಸದೆ ಆಗೊಮ್ಮೆ ಈಗೊಮ್ಮೆ ಮುಖ್ಯ ಪುಟಗಳಲ್ಲೂ ಪ್ರಕಟಿಸಿ, ಅವಳ ಮಾತನ್ನು ನಂಬಬೇಕಾದ ಗಂಡಂದಿರು, ಅಣ್ಣತಮ್ಮಂದಿರು, ಮೇಲಧಿಕಾರಿಗಳು ಹೆಚ್ಚಾಗಿ ಓದುವುದು ಆ ಪುಟಗಳನ್ನೇ.

ವಂದನೆಗಳೊಂದಿಗೆ,
ತಮ್ಮ ಓದುಗರಲ್ಲಿ ಒಬ್ಬಳು